ಹಡಗಿನ ಔತಣಕ್ಕೆ ಹೊಲಿದ ಗೌನು

ಹಡಗಿನಲ್ಲಿ ಎರಡನೆಯ ದಿನದ ಔತಣಕ್ಕೆ ಫಾರ್ಮಲ್ ಉಡುಪು ಕಡ್ಡಾಯ ಎಂದು ಕಂಪನಿಯವರು ಕಳಿಸಿದ ಸೂಚನೆಯಲ್ಲಿತ್ತು. ಗಂಡಸರಿಗೆ ಸೂಟು, ಮುಚ್ಚಿದ ಬೂಟು. ಹೆಂಗಸರಿಗೆ ನೆಲ ಮುಟ್ಟುವ ಗೌನು, ಇಲ್ಲವೇ ಅವರವರ ನಾಡಿನ ಉಡುಪು. ಚಪ್ಪಲಿ, ಚಡ್ಡಿ, ಜೀನ್ಸ್ ಹಾಕಿಕೊಂಡವರನ್ನು ಒಳಗೆ ಬಿಡುವುದಿಲ್ಲ. ಊಟಕ್ಕೆ ಮೊದಲು ಮೇಲಿನ ಡೆಕ್ಕಿನಲ್ಲಿ ಫೋಟೋ ತೆಗೆಯುತ್ತಾರೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಡೆಕ್ಕಿನ ಮೇಲೆ ಗಾಳಿ ಜೋರಾಗಿರುತ್ತದೆ, ಅದಕ್ಕೆ ತಕ್ಕ ಬಟ್ಟೆ ಆರಿಸಿಕೊಳ್ಳಿ.

ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಕೊನೆಯ ಸಾಲು. ನಾನು ಹೊಲಿದ ಬಟ್ಟೆಯೊಳಗೆ ಒಬ್ಬ ಹುಡುಗಿ ಮುಳುಗಿದ್ದನ್ನು ನಾನು ಒಂದು ಮೊಳ ದೂರದಿಂದ ನೋಡಿದೆ. ಅದನ್ನು ನಡೆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ತಲೆಯೊಳಗೆ ಅದು ಹಿಂದುಮುಂದಾಗಿ ಬರುತ್ತಿದೆ, ಅದಕ್ಕೇ.

ಸೂಚನೆಯನ್ನು ಫೋನಿನಲ್ಲಿ ತೋರಿಸಿದವಳು ಆ ಹುಡುಗಿಯೇ. ಅವಳ ಗಂಡ ಧರ್ಮಪುರಿ ಪಕ್ಕದ ನಲ್ಲಂಪಳ್ಳಿಯಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟಿದ್ದಾನೆ. ಚೆನ್ನಾಗಿ ಮಾರಿದ ಡೀಲರುಗಳನ್ನು ಪೈಪಿನ ಕಂಪನಿಯವರು ಹೆಂಡತಿಯ ಸಮೇತ ಚೆನ್ನೈನಿಂದ ಹೊರಡುವ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಆ ಸಲ ಇವರ ಹೆಸರು ಬಂದಿತ್ತು. ಅವಳ ತವರು ಕೊಳತ್ತೂರಿನ ಕಡೆ, ಪಾಲಮಲೆಯ ಕೆಳಗೆ, ಮೇಟ್ಟೂರು ಅಣೆಯ ಹಿನ್ನೀರಿನ ದಡದಲ್ಲಿ. ಅವಳನ್ನು ಬೆಳೆಸಿದ ಅಜ್ಜಿ ಮತ್ತು ಸೋದರಮಾವ ಅಲ್ಲೇ ಇದ್ದಾರೆ. ನನ್ನ ಹೊಲಿಗೆ ಅಂಗಡಿ ಮೇಟ್ಟೂರಿನಲ್ಲಿರುವುದರಿಂದ, ಮದುವೆಯಾಗಿ ಧರ್ಮಪುರಿ ಕಡೆ ಹೋದ ಮೇಲೂ ಅವಳು ರವಿಕೆಗಳನ್ನು ನನ್ನ ಹತ್ತಿರವೇ ಹೊಲಿಸುತ್ತಿದ್ದಳು.

"ಸೀರೆ ಉಟ್ಕೊಂಡು ಓಗ್ಬೌದಲ್ಲಾ, ಇಲ್ಲೇ ಬರ್ದೈತೆ ನೋಡು" ಎಂದೆ ನಾನು.

"ಅಕ್ಕಾ, ಮದ್ವೆಗೆ ಅತ್ತೆ ಆರ್ಸಿದ ಸೀರೆ. ಅಂಗಡಿ ಪೂಜೆಗೂ ಅತ್ತೆ ಆರ್ಸಿದ ಸೀರೆ. ಇದೊಂದಾದ್ರೂ ನಂದಾಗ್ಲಿ" ಎಂದಳು.

ಗಂಡ ಬಾಗಿಲ ಬಳಿ ನಿಂತು ಕಾರಿನ ಕೀಲಿ ತಿರುಗಿಸುತ್ತಿದ್ದ. "ಓದ್ ಸಲ ಓದವ್ರ ಫೋಟೋ ಗ್ರೂಪಲ್ಲಿ ಬಂತು. ಎಲ್ಲಾರ್ ಎಂಡ್ರೂ ಗೌನೇ. ನಮ್ದೊಂದು ಸೀರೆ ಆದ್ರೆ ಯಾರ್ದೋ ಕಲ್ಯಾಣಕ್ಕೆ ಬಂದಂಗೆ ಇರ್ತೈತೆ" ಎಂದು ನಕ್ಕ.

ನಾನು ಒಪ್ಪಿಕೊಂಡೆ. ಸೇಲಂನಲ್ಲಿ ಫ್ಯಾಷನ್ ಓದುವಾಗ ಒಂದೇ ಒಂದು ಈವನಿಂಗ್ ಗೌನು ಹೊಲಿದಿದ್ದೆ, ಅದೂ ಪರೀಕ್ಷೆಗೆ, ಬೊಂಬೆಯ ಮೇಲೆ. ಮೇಟ್ಟೂರಿನಲ್ಲಿ ಅಂಥದ್ದನ್ನು ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಆಸೆ ಅವಳಿಗೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು.

ಬಟ್ಟೆ ಸ್ಯಾಟಿನ್, ಬಣ್ಣ ಮಾಗಿದ ನೇರಳೆ ಹಣ್ಣಿನದು. ಮೇಲ್ಭಾಗ ಒಂದು ತುಂಡು, ಕೆಳಗಿನ ಲಂಗ ಇನ್ನೊಂದು. ಲಂಗಕ್ಕೆ ಮೂರು ಪದರ: ಮೈಗೆ ಹತ್ತುವ ಕಡೆ ಲೈನಿಂಗ್, ನಡುವೆ ಲಂಗ ಅರಳಿ ನಿಲ್ಲಲು ಗಟ್ಟಿ ನೆಟ್ಟಿನ ಸುತ್ತುಗಳು, ಹೊರಗೆ ಸ್ಯಾಟಿನ್. ಮೂರನ್ನೂ ಸೇರಿಸಿ ಒಂದೇ ಸೊಂಟಪಟ್ಟಿಗೆ ಹೊಲಿದೆ. ಛತ್ರಿಯಂತೆ ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಅದಕ್ಕೇ ಅಂಚು ಮಡಿಸುವ ಮೊದಲು ತೂಗುಹಾಕಿ ಬಿಡಬೇಕು. ಬಿಟ್ಟೆ. ಇಳಿಯಿತು, ಆದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಅಂಚನ್ನು ಮತ್ತೆ ಸಮ ಮಾಡಿದೆ. ನೆಟ್ಟಿನ ದಪ್ಪಕ್ಕೆ ಪಕ್ಕದ ಜಿಪ್ ಎರಡು ಸಲ ಬಾಯಿಬಿಟ್ಟಿತು. ಎರಡನೆಯ ಸಲ ಜಿಪ್ ಕಿತ್ತುಹಾಕಿ, ಎಡಗಡೆ ಸೀಳು ಬಿಟ್ಟು ಹುಕ್ಕುಗಳನ್ನು ಹೊಲಿದೆ.

ಮೊದಲ ಟ್ರಯಲ್ ಅಜ್ಜಿಯ ಮನೆಯಲ್ಲೇ ಆಗಬೇಕೆಂದು ಹುಡುಗಿಯ ಆಸೆ. ಅತ್ತೆಮನೆಯಲ್ಲಿ ಅದನ್ನು ಹಾಕಿ ನಿಲ್ಲಲು ಅವಳಿಗೆ ಮುಜುಗರ. ಒಂದು ಭಾನುವಾರ ಗೌನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದೆ. ಹಾಕಿಸಿ ಟೇಬಲ್ ಫ್ಯಾನಿನ ಮುಂದೆ ನಿಲ್ಲಿಸಿದೆ, ಡೆಕ್ಕಿನ ಗಾಳಿ ಹೇಗಿರಬಹುದು ನೋಡೋಣ ಎಂದು. ಫ್ಯಾನು ಜೋರು ಮಾಡಿದ ಕೂಡಲೇ ಲಂಗ ಮಂಡಿಯ ಮೇಲಕ್ಕೆ ಹಾರಿತು.

ಅಜ್ಜಿ ಎದ್ದು ನಿಂತರು. "ಏನ್ ಮಾಪ್ಳೆ, ಕಡಲ್ ಮಧ್ಯ ಎಂಡ್ರು ಕಾಲ್ನ ಕಂಪನಿಯವ್ರಿಗೆಲ್ಲಾ ತೋರ್ಸಾಕೆ ಕರ್ಕೊಂಡ್ ಓಗ್ತಿದ್ದೀಯಾ?" ಎಂದು, ಅವಳನ್ನು ಕರೆತಂದು ಅಲ್ಲೇ ಕುಳಿತಿದ್ದ ಮೊಮ್ಮಗಳ ಗಂಡನನ್ನು ಕೇಳಿದರು.

"ಅಜ್ಜಿ, ಅಲ್ಲಿ ಎಲ್ಲಾರ್ದೂ ಆರ್ತೈತೆ."

"ಆರೋರ್ದು ಆರ್ಲಿ. ಇವ್ಳು ನನ್ ಮಗು."

ಕೋಟಿನ ಅಂಚಿಗೆ, ತೆಳು ಪರದೆಯ ಅಂಚಿಗೆ ಸಣ್ಣ ತೂಕಗಳನ್ನು ಹೊಲಿಯುವ ಪದ್ಧತಿ ಇದೆ. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಹೇಳಿದೆ. ಅದಕ್ಕೆಂದೇ ಮಾಡಿದ ತೂಕಗಳು ಎಲ್ಲಿ ಸಿಗುತ್ತವೋ ಕೇಳಿ ತರಿಸಬೇಕು ಎಂದೆ.

"ಗುಂಡು ತಾನೇ? ಇವ್ನ್ ಬಲೇಲಿ ಬೇಕಾದಷ್ಟು ಐತೆ" ಎಂದರು ಅಜ್ಜಿ, ಜಗುಲಿಯಲ್ಲಿ ಕುಳಿತಿದ್ದ ಸೋದರಮಾವನ ಕಡೆ ಕೈ ತೋರಿಸಿ.

ಸೋದರಮಾವ ಹಿನ್ನೀರಿನಲ್ಲಿ ಮೀನು ಹಿಡಿಯುವವರು. ಹರಿದ ಬೀಸುಬಲೆಯೊಂದರಿಂದ ಸೀಸದ ಗುಂಡುಗಳನ್ನು ಬಿಚ್ಚಿ, ಬೂದಿಯಲ್ಲಿ ತಿಕ್ಕಿ ತೊಳೆದು, ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ತಂದುಕೊಟ್ಟರು. ಪಟ್ಟಿಯೊಂದನ್ನು ಅಂಚಿನ ಒಳಗೆ ಹೊಲಿದು, ಒಂದೊಂದು ಗುಂಡಿಗೂ ಒಂದೊಂದು ಸಣ್ಣ ಗೂಡು ಮಾಡಿದೆ. ಮೊದಲು ಅಲ್ಲೊಂದು ಇಲ್ಲೊಂದು ಹಾಕಿದೆ. ಫ್ಯಾನು ಹಾಕಿದರೆ ಇನ್ನೂ ಏಳುತ್ತಿತ್ತು. ಅಜ್ಜಿ "ಇನ್ನೊಂದು ಆಕು" ಎಂದರು. ಹಾಕಿದೆ. ಮತ್ತೆ ಫ್ಯಾನು, ಮತ್ತೆ "ಈ ಮೂಲೇಲಿ ಇನ್ನೊಂದು."

"ಇನ್ನೊಂದು ನಾಕು ಆಕಿದ್ರೆ ಮೀನೇ ಇಡೀಬೌದು" ಎಂದರು ಸೋದರಮಾವ. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಹುಡುಗಿ.

ಕೊನೆಗೆ ಫ್ಯಾನು ಪೂರ್ತಿ ಜೋರಿಟ್ಟರೂ ಲಂಗ ಕಾಲಿನ ಸುತ್ತ ಮೆಲ್ಲಗೆ ತೂಗಿತೇ ಹೊರತು ಮೇಲೇಳಲಿಲ್ಲ. ನೋಡಲೂ ಚೆನ್ನಾಗಿತ್ತು, ಬಟ್ಟೆಗೆ ಒಂದು ಗಾಂಭೀರ್ಯ ಬಂದಿತ್ತು. ಬಲೆಯನ್ನು ತಳಕ್ಕೆ ಒಯ್ಯುವುದೇ ಆ ಗುಂಡಿನ ಕೆಲಸ. ನೀರಿನ ದಡದಲ್ಲಿ, ನೀರಿನಿಂದಲೇ ಬದುಕುವ ಮನೆಯಲ್ಲಿ ಕುಳಿತಿದ್ದೆವು. ಯಾರಿಗೂ ಅದು ಹೊಳೆಯಲಿಲ್ಲ. ನಾವು ಮಾತಾಡುತ್ತಿದ್ದದ್ದು ಗಾಳಿಯ ವಿಷಯ.

ತೂಕ ಹೆಚ್ಚಿದ್ದರಿಂದ ಸೊಂಟದ ತೊಂದರೆ ಶುರುವಾಯಿತು. ಅವಳು ನಾಲ್ಕು ಹೆಜ್ಜೆ ನಡೆದರೆ ಹುಕ್ಕುಗಳು ನೆಟ್ಟಗಾಗಿ ಲಂಗ ಜಾರುತ್ತಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಸೊಂಟಪಟ್ಟಿಯೊಳಗೆ ಲಾಡಿ ಹಾಕಿದೆ, ಸೀರೆಯ ಒಳಲಂಗಕ್ಕೆ ಹಾಕುವಂಥದ್ದೇ, ದಪ್ಪ ಹತ್ತಿಯದು. ಅಜ್ಜಿ ತಾವೇ ಕಟ್ಟಿದರು. ಎರಡು ಗಂಟು, ಅದರ ಮೇಲೆ ಇನ್ನೊಂದು, ತುದಿಗಳನ್ನು ಒಳಗೆ ತೂರಿಸಿ. ಇಲ್ಲಿ ಹೆಣ್ಣುಮಕ್ಕಳಿಗೆ ಹಾಗೇ ಕಟ್ಟುವುದು, ನನ್ನ ಅಮ್ಮ ನನಗೂ ಹಾಗೇ ಕಟ್ಟುತ್ತಿದ್ದರು. ಮೇಲ್ಭಾಗ ಮತ್ತು ಲಂಗದ ನಡುವೆ ಸೊಂಟ ಕಾಣುತ್ತದೆ ಎಂದು ಅಜ್ಜಿ ಹೇಳಿದಾಗ ಅಲ್ಲಲ್ಲಿ ಕೈಹೊಲಿಗೆ ಹಾಕಿ ಎರಡನ್ನೂ ಸೇರಿಸಿದೆ. ಟ್ರಯಲ್ ಮುಗಿದ ಮೇಲೆ ಬಿಚ್ಚಿದರಾಯಿತು ಎಂದುಕೊಂಡೆ.

"ಇನ್ನು ಆ ದ್ಯಾವ್ರೇ ಬಂದ್ರೂ ಬಿಚ್ಚಾಕೆ ಆಗಾಕಿಲ್ಲ" ಎಂದರು ಅಜ್ಜಿ, ಸಮಾಧಾನದಿಂದ.

ಆ ಸಂಜೆ ಎಲ್ಲವೂ ಸರಿಯಾಗಿ ಕೂತಿತ್ತು. ಗಂಡ ಸೂಟು ಹಾಕಿಕೊಂಡು ಬಂದ. ಇಬ್ಬರೂ ಬೇಲಿಯ ಪಕ್ಕ ನಿಂತರೆ ಅಕ್ಕಪಕ್ಕದವರು ಬಂದು ನೋಡಿದರು. ಆಗ ಗಂಡ ಹೇಳಿದ: "ಮಾಮ, ಪರಿಸಲಲ್ಲಿ ಒಂದು ಫೋಟೋ. ನಮ್ ಕಪ್ಪಲ್ ಇಲ್ಲಿಂದ್ಲೇ ಒರಟೈತೆ ಅಂತ ಸ್ಟೇಟಸ್ ಆಕ್ತೀನಿ."

ಕಪ್ಪಲ್ ಎಂದರೆ ಹಡಗು, ಪರಿಸಲ್ ಎಂದರೆ ತೆಪ್ಪ. ಬಿದಿರಿನಿಂದ ಹೆಣೆದು, ಅಡಿಗೆ ಟಾರು ಬಳಿದ ದುಂಡನೆಯ ದೊಡ್ಡ ಬುಟ್ಟಿ. ಅಜ್ಜಿ ಬೇಡವೆಂದರು. ಹುಡುಗಿ "ಅಜ್ಜೀ, ಒಂದೇ ಒಂದು" ಎಂದಳು. ಗಾಳಿ ಇಲ್ಲ, ದಡದ ಪಕ್ಕದಲ್ಲೇ ಒಂದು ಸುತ್ತು ಹಾಕಿ ಬರೋಣ ಎಂದರು ಸೋದರಮಾವ. ನನ್ನ ಚಿಂತೆ ಟಾರಿನ ಕಲೆಯದು. ಗೌನು ಸುತ್ತಿ ತಂದಿದ್ದ ಬೆಡ್‌ಶೀಟನ್ನೇ ತೆಪ್ಪದೊಳಗೆ ಹಾಸಿ, ಅಂಚು ಹಿಡಿದುಕೊಳ್ಳಲು ನಾನೂ ಹತ್ತಿದೆ. ಕೆಲಸ ಮಾಡುವಾಗ ಕೊರಳಿಗೆ ದಾರದಲ್ಲಿ ಪುಟ್ಟ ನೂಲುಕತ್ತರಿ ತೂಗುಹಾಕಿಕೊಂಡಿರುತ್ತೇನೆ. ಅದನ್ನು ತೆಗೆದಿಡಲು ಮರೆತಿದ್ದೆ. ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಲ್ಲಿ ದಡ ಇಳಿಜಾರಾಗಿ ಇಳಿಯುವುದಿಲ್ಲ. ಅಣೆ ಕಟ್ಟುವ ಮೊದಲು ಅದೆಲ್ಲ ಹೊಲ. ಸ್ವಲ್ಪ ದೂರದವರೆಗೆ ನೀರು ತೊಡೆಯಷ್ಟಿರುತ್ತದೆ, ಆಮೇಲೆ ಮುಳುಗಿದ ಹಳೆಯ ಬದು, ಅದರಾಚೆ ಒಮ್ಮೆಗೇ ಆಳ. ತೆಪ್ಪ ಆ ಬದುವನ್ನು ದಾಟಿದ್ದು ನೀರಿನ ಬಣ್ಣ ಬದಲಾದದ್ದರಿಂದ ನನಗೆ ತಿಳಿಯಿತು.

ಗಂಡ ನನ್ನ ಎದುರಿಗೆ ಕುಳಿತು ಫೋನು ಹಿಡಿದಿದ್ದ. "ಕುಂತ್ರೆ ಗೌನೇ ಕಾಣ್ಸಾಕಿಲ್ಲ. ನಿಂತ್ಕೋ, ಡೆಕ್ ಮ್ಯಾಲೆ ನಿಂತಂಗೆ."

"ನಿಂತ್ಕೋಬ್ಯಾಡ ಪಾಪು" ಎಂದರು ಸೋದರಮಾವ.

"ಒಂದೇ ಸಲ, ಮಾಮ" ಎಂದ ಗಂಡ.

ಅವರು ಹುಟ್ಟನ್ನು ನೀರಿನ ಮೇಲೆ ಅಡ್ಡಡ್ಡ ಇಟ್ಟು ತೆಪ್ಪ ತಿರುಗದ ಹಾಗೆ ಹಿಡಿದರು. "ಸರಿ. ಸೀಕ್ರಂ, ಸೀಕ್ರಂ" ಎಂದು ಅವಸರ ಮಾಡಿದರು.

ಅವಳು ನಿಂತಳು. ನಾನು ಅಂಚನ್ನು ಸುತ್ತಲೂ ಹರಡಿ ಕೈ ತೆಗೆದೆ, ಫೋಟೋದಲ್ಲಿ ನನ್ನ ಕೈ ಬರಬಾರದೆಂದು. ಬೆಟ್ಟದ ಕಡೆಯಿಂದ ಗಾಳಿ ಬಂತು. ಲಂಗ ಹಾರಲಿಲ್ಲ, ಆದರೆ ಗಾಳಿ ಪೂರ್ತಿ ಅದರ ಮೇಲೆ ಬಿದ್ದು ಅವಳನ್ನು ತಳ್ಳಿತು. ಅವಳು ನಗುತ್ತಾ ಎರಡೂ ಕೈ ಎತ್ತಿದಳು, ಬೀಳುವಾಗಲೂ ನಗು ಮುಖದ ಮೇಲೆ ಹಾಗೇ ಇತ್ತು. ಬೆನ್ನ ಮೇಲೆ, ತೆಪ್ಪದ ಅಂಚಿನಾಚೆಗೆ.

ಮುಂದಿನದು ನನ್ನನ್ನು ಹೆಚ್ಚು ಕಾಡುತ್ತದೆ. ಅವಳು ಮುಳುಗಲಿಲ್ಲ. ಗಟ್ಟಿ ನೆಟ್ಟಿನೊಳಗೆ ಗಾಳಿ ಸಿಕ್ಕಿಕೊಂಡು ಲಂಗ ನೀರಿನ ಮೇಲೆ ದೊಡ್ಡ ಹೂವಿನಂತೆ ಅರಳಿ ನಿಂತಿತು. ಅವಳು ಅದರ ನಡುವೆ ಎದೆಯವರೆಗೆ ನೀರಲ್ಲಿ ತೇಲುತ್ತಿದ್ದಳು. ನಾವು ನಕ್ಕೆವು. ನಾನೂ ನಕ್ಕೆ. ಗಂಡ ಫೋನು ಕೆಳಗಿಳಿಸಲಿಲ್ಲ.

"ಅಕ್ಕಾ, ಕಲೆ ಆಗ್ತೈತಾ?" ಎಂದು ಅವಳು ನನ್ನನ್ನು ಕೇಳಿದಳು.

ನಾನು "ಆಗಲ್ಲ, ಕೈ ಕೊಡು" ಎಂದೆ. ಅಷ್ಟರಲ್ಲಿ ಲಂಗದ ಒಂದು ಪಕ್ಕದಿಂದ ಗುಳ್ಳೆಗಳು ಬಂದವು. ಹೂವು ಒಂದು ಕಡೆಗೆ ಮಡಿಸಿಕೊಂಡಿತು. ಸ್ಯಾಟಿನ್ನಿನ ಬಣ್ಣ ಕಪ್ಪಾಯಿತು. ಅವಳ ಮುಖ ಬದಲಾದದ್ದನ್ನು ನೋಡಿದೆ, ಕೆಳಗಿನಿಂದ ಯಾರೋ ಕಾಲು ಹಿಡಿದು ಎಳೆದವರ ಮುಖ ಅದು. ತಲೆ ಒಳಗೆ ಹೋಯಿತು.

ಸೋದರಮಾವ ಹಾರಿದರು. ಗಂಡನ ಫೋನು ತೆಪ್ಪದ ಅಂಚಿಗೆ ತಾಗಿ ನೀರಿಗೆ ಬಿತ್ತು. ಮಾವ ಕೆಳಗಿನಿಂದ ಅವಳನ್ನು ಎತ್ತಿದರು, ಕೈಗಳು ಮೇಲೆ ಬಂದವು, ಗಂಡ ಎರಡೂ ಮಣಿಕಟ್ಟು ಹಿಡಿದುಕೊಂಡ. ಅವಳ ಬಾಯಿ ನೀರಿನ ಮೇಲೆ ಬಂತು. ಒಂದು ಉಸಿರು ಎಳೆದಳು, ಕೂಗಲಿಲ್ಲ. ಗಂಡ ಎಳೆದ. ನಾನು ಅವನ ಪಕ್ಕದಲ್ಲೇ ಬಗ್ಗಿ ಅವಳ ತೋಳು ಹಿಡಿದು ಎಳೆದೆ. ತೆಪ್ಪ ನಮ್ಮ ಕಡೆಗೆ ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿತು.

ಮಾವ ತಲೆ ಹೊರಗೆ ಹಾಕಿದರು. ಅವರ ಕಾಲಿಗೆ ನೆಟ್ಟು ಸುತ್ತಿಕೊಂಡಿತ್ತು. "ಎಳೀಬ್ಯಾಡ್ರಿ! ಪರಿಸಲ್ ಮಗುಚ್ತೈತೆ! ಅದ್ನ ಬಿಚ್ಚ್ರಿ, ಲಂಗ ಬಿಚ್ಚ್ರಿ!" ಎಂದು ಕೂಗಿ ಮತ್ತೆ ಕೆಳಗೆ ಹೋದರು.

ಬಿಚ್ಚಲು ಆಗದ ಹಾಗೆ ಕಟ್ಟಿದ್ದೆವು. ಹತ್ತಿಯ ಲಾಡಿ ನೀರು ಕುಡಿದರೆ ಗಂಟು ಕಲ್ಲಾಗುತ್ತದೆ. ಅದನ್ನು ಕತ್ತರಿಸಬೇಕು. ಕತ್ತರಿಸಲು ನಾನು ಸೊಂಟದವರೆಗೆ ಹೊರಗೆ ಬಗ್ಗಬೇಕು. ಇಬ್ಬರೂ ಒಂದೇ ಕಡೆ ಇದ್ದರೆ ತೆಪ್ಪ ಮಗುಚಿ ನಾಲ್ವರೂ ನೀರಲ್ಲಿರುತ್ತೇವೆ, ಅದರಲ್ಲಿ ಈಜು ಬರುವುದು ಮಾವನೊಬ್ಬರಿಗೇ. ಅಂದರೆ ಗಂಡ ಅವಳ ಕೈ ಬಿಟ್ಟು ಎದುರು ಪಕ್ಕಕ್ಕೆ ಹೋಗಿ ಕೂರಬೇಕು. ಬಿಟ್ಟ ಕೂಡಲೇ ಅವಳು ಮುಳುಗುತ್ತಾಳೆ. ಮಾವನೊಬ್ಬರ ಉಸಿರು ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ಹೊತ್ತು ನನಗೆ ಸಿಗುತ್ತದೆ. ಬರೆಯುವಾಗ ಇದು ಲೆಕ್ಕದ ಹಾಗೆ ಕಾಣುತ್ತದೆ. ಆಗ ಇದೆಲ್ಲ ಒಂದೇ ಏಟಿನಂತೆ ತಲೆಗೆ ಬಂತು, ಒಂದೇ ಮಾತಾಗಿ ಹೊರಬಂತು.

"ಬಿಡಿ! ಕೈ ಬಿಡಿ, ಆ ಕಡೆ ಓಗಿ ಕುಂತ್ಕೊಳ್ಳಿ!"

ಅವನು ನನ್ನ ಕಡೆ ನೋಡಿದ. ನಾನು ಅವನ ಕೈಗೆ ಹೊಡೆದೆ. ಅವನು ಬಿಟ್ಟ. ಅವಳು ಹೋದಳು.

ಎದುರು ಪಕ್ಕಕ್ಕೆ ಅವನ ಭಾರ ಬಿದ್ದದ್ದು ಗೊತ್ತಾಯಿತು, ನನ್ನ ಕಡೆಯ ಅಂಚು ಮೇಲೆದ್ದಿತು. ಹೊಟ್ಟೆಯನ್ನು ಬಿದಿರಿಗೆ ಒತ್ತಿ ತಲೆ, ಎರಡೂ ತೋಳು ನೀರಿಗೆ ಹಾಕಿದೆ. ಕಣ್ಣು ಬಿಟ್ಟರೆ ಬರೀ ಕೆಸರುಹಸಿರು. ಮಾವ ಅವಳನ್ನು ಕೆಳಗಿನಿಂದ ನೂಕುತ್ತಿದ್ದರು, ಬೆನ್ನು ನನ್ನ ಕೈಗೆ ಸಿಕ್ಕಿತು. ಮೇಲ್ಭಾಗದ ಬೆನ್ನಿನ ಹೊಲಿಗೆ ಹಿಡಿದು ಬೆರಳುಗಳನ್ನು ಕೆಳಗೆ ಜಾರಿಸಿದೆ. ಸೊಂಟಪಟ್ಟಿ. ಅದರ ಮೇಲೆ ಎಡಕ್ಕೆ. ಸೀಳು ಎಲ್ಲಿದೆ ಎಂದು ನನ್ನ ಬೆರಳಿಗೆ ಗೊತ್ತು. ಕತ್ತರಿಯ ಬಾಯಿ ಹಾಕಿದೆ, ಸಿಕ್ಕಿದ್ದು ಸ್ಯಾಟಿನ್. ಮತ್ತೆ ಹಾಕಿದೆ, ಲೈನಿಂಗ್. ಅವಳ ಕೈಯೊಂದು ನನ್ನ ಕೂದಲನ್ನು ಹಿಡಿದುಕೊಂಡಿತು. ತಲೆಯೆತ್ತಿ ಉಸಿರು ತೆಗೆದುಕೊಳ್ಳಲು ಆಗಲಿಲ್ಲ. ಗಂಟನ್ನು ಬಿಟ್ಟುಬಿಟ್ಟೆ, ಪಟ್ಟಿಯ ಬಾಯಿಂದ ಲಾಡಿ ಹೊರಬರುವ ಜಾಗಕ್ಕೆ ಬೆರಳು ತೂರಿಸಿ ಅಲ್ಲಿಗೆ ಕತ್ತರಿ ಕೊಟ್ಟೆ. ಸಣ್ಣ ಕತ್ತರಿ ಒಂದೇ ಸಲಕ್ಕೆ ಕಡಿಯಲಿಲ್ಲ. ಕಚ್ಚಿ ಕಚ್ಚಿ ಕಡಿಯಬೇಕಾಯಿತು. ಲಾಡಿ ತುಂಡಾದದ್ದು ಕೇಳಲಿಲ್ಲ, ಕೈಗೆ ತಿಳಿಯಿತು. ಮಾವ ಪಟ್ಟಿ ಹಿಡಿದು ಜಗ್ಗಿದಾಗ ನನ್ನ ಕೈಹೊಲಿಗೆಗಳು ಒಂದೊಂದಾಗಿ ಬಿಟ್ಟವು. ಆ ಇಡೀ ಭಾರ ನನ್ನ ತೋಳನ್ನು ಉಜ್ಜಿಕೊಂಡು ಕೆಳಗೆ ಹೋಯಿತು.

ಆಮೇಲೆ ಅವಳು ಎಷ್ಟು ಹಗುರವಾಗಿದ್ದಳೆಂದರೆ ನನಗೆ ಹೆದರಿಕೆಯಾಯಿತು. ಕೂದಲು ಹಿಡಿದಿದ್ದ ಕೈ ಸಡಿಲವಾಗಿತ್ತು.

ಮಾವ ಅವಳ ಗಲ್ಲ ಹಿಡಿದು ದಡದ ಕಡೆ ಈಜಿದರು. ಹುಟ್ಟು ಗಂಡನ ಕೈಗೆ ಬಂತು. ತೆಪ್ಪ ನಡೆಸಿ ಗೊತ್ತಿಲ್ಲದವರು ಹುಟ್ಟು ಹಾಕಿದರೆ ಅದು ಮುಂದಕ್ಕೆ ಹೋಗುವುದಿಲ್ಲ, ಇದ್ದಲ್ಲೇ ಸುತ್ತುತ್ತದೆ. ನಾವು ಸುತ್ತಿದೆವು. ಒಂದು ಸುತ್ತಿಗೆ ದಡ ಕಾಣುತ್ತಿತ್ತು, ಮಾವ ಅವಳನ್ನು ಎಳೆಯುತ್ತಿರುವುದು ಕಾಣುತ್ತಿತ್ತು. ಮುಂದಿನ ಅರ್ಧ ಸುತ್ತು ಬರೀ ನೀರು, ಬೆಟ್ಟ. ಮತ್ತೆ ದಡ. ಅವನು ಅಳುತ್ತಾ ಹುಟ್ಟು ಹಾಕುತ್ತಿದ್ದ. ಹೇಗೋ ಬದುವಿನ ಮೇಲಕ್ಕೆ ಬಂದಾಗ ನಾನು ಇಳಿದು ತೊಡೆಯಷ್ಟು ನೀರಲ್ಲಿ ಬಿದ್ದು ಎದ್ದು ಓಡಿದೆ.

ಅವಳನ್ನು ಮಣ್ಣಿನ ಮೇಲೆ ಮಲಗಿಸಿದ್ದರು. ಉಸಿರಿರಲಿಲ್ಲ. ಅಜ್ಜಿ ತಮ್ಮ ಸೀರೆಯ ಸೆರಗನ್ನು ಅವಳ ಬರಿಗಾಲುಗಳ ಮೇಲೆ ಹೊದಿಸಿ, ಅದು ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಕುಳಿತಿದ್ದರು. ಮಾವ ಹೊಟ್ಟೆ ಒತ್ತುತ್ತಿದ್ದರು. ಕಾಲೇಜಿನ ಶಿಬಿರದಲ್ಲಿ ರಬ್ಬರ್ ಬೊಂಬೆಯ ಮೇಲೆ ಮಾಡಿಸಿದ್ದು ನೆನಪಿತ್ತು, ಅರ್ಧಂಬರ್ಧ. ಮಾವನ ಕೈ ಸರಿಸಿ ಎದೆಯ ನಡುವೆ ಇಡಿಸಿದೆ, ತಲೆ ಹಿಂದಕ್ಕೆ ಬಾಗಿಸಿ ಮೂಗು ಹಿಡಿದು ಬಾಯಿಗೆ ಊದಿದೆ. ಅವರು ಒತ್ತಿದರು, ನಾನು ಊದಿದೆ. ಅವಳ ತುಟಿಗೆ ಹಚ್ಚಿದ್ದ ಬಣ್ಣ ನನ್ನ ಬಾಯಿಗೆ ಬಂತು. ಸುತ್ತ ನಿಂತವರಲ್ಲಿ ಯಾರೋ "ಓಯ್ತು, ಬುಡ್ರಿ" ಎಂದರು. ಅಜ್ಜಿ ಆ ಕಡೆ ತಿರುಗಿ "ಯಾವನ್ಲಾ ಅದು? ಎದ್ದು ಬಂದ್ರೆ ನೋಡು" ಎಂದು ಗದರಿದರು. ಕಾಲಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಅವಳ ಗಂಟಲಿನಿಂದ ಹರಿದ ಬಟ್ಟೆಯಂಥ ಸದ್ದು ಬಂತು, ಆಮೇಲೆ ನೀರು.

ಕಾರಿನಲ್ಲಿ ಮೊದಲು ಕೊಳತ್ತೂರು, ಅಲ್ಲಿಂದ ಮೇಟ್ಟೂರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಸೇಲಂ. ಎದೆಯೊಳಗೆ ನೀರು ಹೋಗಿದೆ, ಈಗ ಏನೂ ಹೇಳಲು ಆಗುವುದಿಲ್ಲ, ಉಸಿರಾಡುತ್ತಿದ್ದಾಳೆಂದು ನಂಬಿ ಕೂರಬೇಡಿ ಎಂದರು ಡಾಕ್ಟರು. ಮರುದಿನ ಜ್ವರ ಬಂತು. ಉಸಿರಿನ ಯಂತ್ರಕ್ಕೆ ಹಾಕಿದರು. ಅಜ್ಜಿ ಕಾರಿಡಾರಿನ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು, ಯಾರೊಡನೆಯೂ ಮಾತಿಲ್ಲ. ಒಮ್ಮೆ ಮಾತ್ರ ನನ್ನ ಕೈ ಹಿಡಿದು, "ಗಾಳಿಗೆ ಆರಿದ್ರೆ ಆರ್ಲಿ ಅಂತ ಬುಟ್ಟಿದ್ರೆ ಆಗ್ತಿತ್ತಲ್ಲಾ, ಕಣ್ಣು" ಎಂದರು.

ಎರಡನೆಯ ದಿನವೋ ಮೂರನೆಯ ದಿನವೋ, ಗಂಡ ನನ್ನನ್ನು ಮೆಟ್ಟಿಲ ಬಳಿಗೆ ಕರೆದ. ಕ್ಷೌರವಿಲ್ಲದೆ ಗಡ್ಡ ಬೆಳೆದಿತ್ತು. ಸೂಟಿನ ಪ್ಯಾಂಟು ಇನ್ನೂ ಬದಲಿಸಿರಲಿಲ್ಲ, ಮಂಡಿಯ ಮೇಲೆ ಕೆಸರು ಒಣಗಿತ್ತು.

"ಒಂದು ಕೇಳ್ಬೇಕು ನಿಮ್ಮನ್ನ" ಎಂದ. "ನೀವು ಬುಡಿ ಅಂತ ಯೋಳಿದ್ ಮ್ಯಾಲೆ ತಾನೇ ನಾನ್ ಬುಟ್ಟಿದ್ದು?"

"ಹೌದು" ಎಂದೆ ತಕ್ಷಣ.

"ನೀವು ಕೈಗೆ ಒಡದ್ರಿ. ಅದಾದ್ ಮ್ಯಾಲೆ."

"ಹೌದು."

"ನಂಗೆ ಒಡದಿದ್ದು ಗ್ಯಾಪ್ನ ಇಲ್ಲ" ಎಂದ. "ನೀರು ಒಳಗ್ ಬಂತು. ಪರಿಸಲ್ ವಾಲ್ತು. ಆಗ ನಂಗೆ ಬಯ ಆಯ್ತು. ಅದು ಗ್ಯಾಪ್ನ ಐತೆ. ಆಮ್ಯಾಲೆ ನನ್ ಕೈ ಖಾಲಿ ಇತ್ತು. ಅದೂ ಗ್ಯಾಪ್ನ ಐತೆ. ಮಧ್ಯದ್ದು ಇಲ್ಲ."

ಅವನು ಹಾಗೆ ಹೇಳುವವರೆಗೂ ನನಗೆ ಅನುಮಾನವೇ ಇರಲಿಲ್ಲ. ಆವತ್ತಿನಿಂದ ನಾನು ಅದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ತೆಪ್ಪ ವಾಲುತ್ತದೆ. ಮಾವ ಕೂಗುತ್ತಾರೆ. ನಾನು ಬಾಯಿ ತೆರೆಯುತ್ತೇನೆ. ಅವನು ನನ್ನ ಕಡೆ ನೋಡುತ್ತಾನೆ. ನಾನು ಹೊಡೆಯುತ್ತೇನೆ. ನನ್ನ ಅಂಗೈಗೆ ನೆನಪಿರುವುದು ಒದ್ದೆ ಬಿದಿರು. ಅವನ ಬೆರಳ ಗೆಣ್ಣುಗಳು ನೆನಪಿಲ್ಲ. ಅವನ ಕೈ ಇದ್ದ ಜಾಗಕ್ಕೆ ಹೊಡೆದೆನೋ, ಅವನ ಕೈಗೇ ಹೊಡೆದೆನೋ. ಮಾತು ಮೊದಲೋ ಬಿಟ್ಟದ್ದು ಮೊದಲೋ. ಕೆಲವು ಸಲ ಒಂದು ಕ್ರಮದಲ್ಲಿ ಬರುತ್ತದೆ, ಕೆಲವು ಸಲ ಇನ್ನೊಂದರಲ್ಲಿ. ಎರಡರಲ್ಲೂ ಅವಳು ಮುಳುಗುತ್ತಾಳೆ, ಎರಡರಲ್ಲೂ ನಾನು ಬಗ್ಗುತ್ತೇನೆ. ಬದುಕಿಸುವ ಕೆಲಸಕ್ಕೆ ಎರಡೂ ಒಂದೇ. ಅವನಿಗೆ ಮಾತ್ರ ಒಂದೇ ಅಲ್ಲ.

ಅಂಗಡಿ ತೆರೆದೆ, ಆದರೆ ಉದ್ದ ಲಂಗಗಳ ಅಂಚು ಮಡಿಸುವ ಕೆಲಸವನ್ನು ನನ್ನ ಹತ್ತಿರ ಇರುವ ಹೆಂಗಸಿಗೆ ಕೊಟ್ಟುಬಿಡುತ್ತಿದ್ದೆ. ದಿನ ಬಿಟ್ಟು ದಿನ ಬಸ್ಸು ಹಿಡಿದು ಸೇಲಂಗೆ ಹೋಗುತ್ತಿದ್ದೆ. ಹಡಗು ಹೊರಟ ದಿನ ಅವಳ ಗಂಟಲಿನ ಕೊಳವೆ ತೆಗೆದರು. ಅದಾದ ಮೇಲೂ ಅವಳು ಮಾತಾಡಲಿಲ್ಲ. ಮಾತಾಡಬಹುದು, ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಗಂಡ ಒಳಗೆ ಹೋದರೆ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವನು ತಂದ ಎಳನೀರನ್ನು ಅಜ್ಜಿಯ ಕೈಯಿಂದ ಕುಡಿಯುತ್ತಿದ್ದಳು. ಎರಡು ದಿನ ಹಾಗಾದ ಮೇಲೆ ಅವನು ಒಳಗೆ ಹೋಗುವುದನ್ನೇ ನಿಲ್ಲಿಸಿ ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತಿರತೊಡಗಿದ. ಆಸ್ಪತ್ರೆಯಿಂದ ಅವಳನ್ನು ಯಾವ ಮನೆಗೆ ಕರೆದುಕೊಂಡು ಹೋಗುವುದು ಎಂದು ಅವನು ಅಜ್ಜಿಯನ್ನು ಕೇಳಿದಾಗ ಅಜ್ಜಿ "ಅವ್ಳೇ ಯೋಳ್ಲಿ" ಎಂದಿದ್ದರು.

ಒಂದು ಮಧ್ಯಾಹ್ನ ಅಜ್ಜಿ ಊಟಕ್ಕೆ ಹೋಗಿದ್ದರು. ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಅವಳು ಚಾವಣಿ ನೋಡುತ್ತಾ, ಗೊಗ್ಗರು ದನಿಯಲ್ಲಿ ಮಾತಾಡಿದಳು.

"ಅಕ್ಕಾ, ಅವ್ರು ನನ್ ಕೈ ಬುಟ್ರು."

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ನೀರೊಳಗೆ ಕಣ್ಣಿಗೆ ಏನೂ ಕಾಣ್ಸಾಕಿಲ್ಲ. ಕೈ ಒಂದು ಗೊತ್ತಾಯ್ತಿತ್ತು. ಅದೂ ಓಯ್ತು. ಯಾಕ್ ಬುಟ್ರು?"

"ನಾನು ಬಿಡ್ಸಿದ್ದು" ಎಂದೆ. "ಅವ್ರು ಬಿಡ್ದೆ ಇದ್ರೆ ನಾನು ಬಗ್ಗಾಕೆ ಆಗ್ತಿರ್ಲಿಲ್ಲ. ಪರಿಸಲ್ ಮಗುಚ್ತಿತ್ತು. ಅವ್ರನ್ನ ಆ ಕಡೆ ಕೂರಿಸ್ದೆ."

"ನೀವು ಯೋಳಿದ್ ಮ್ಯಾಲೆ ಬುಟ್ರಾ?"

ಅವಳು ಈಗ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಬೇಕಾದದ್ದು ಸಮಾಧಾನವಲ್ಲ, ಕ್ರಮ. ಆ ಕ್ರಮವೇ ನೆನಪಿಲ್ಲದ ನನ್ನ ಹತ್ತಿರ ಅದನ್ನು ಕೇಳುತ್ತಿದ್ದಳು.

"ಹೇಳಿದ್ ಮೇಲೇ" ಎಂದೆ. "ಹೇಳಿದ್ರೂ ಬಿಡ್ಲಿಲ್ಲ. ಕೈಗೆ ಹೊಡ್ದೆ, ಆಮೇಲೆ ಬಿಟ್ರು."

ಅವಳು ಕಣ್ಣು ಮುಚ್ಚಿದಳು. ಕೆಮ್ಮು ಬಂತು, ನಾನು ಬೆನ್ನು ಹಿಡಿದೆ, ಬೆನ್ನೆಲುಬುಗಳು ಕೈಗೆ ಸಿಕ್ಕವು. ಕೆಮ್ಮು ನಿಂತ ಮೇಲೆ, "ಒರಗೆ ಕುಂತವ್ರಾ?" ಎಂದಳು.

"ಹೂಂ."

"ಬರಾಕೆ ಯೋಳಿ."

ನಾನು ಬಾಗಿಲು ತೆರೆದೆ. ಅವನು ಎದ್ದು ನಿಂತ. ಅವಳು ಕರೆಯುತ್ತಿದ್ದಾಳೆ ಎಂದೆ. ನಾನು ಅವಳಿಗೆ ಏನು ಹೇಳಿದೆ ಎಂದು ಅವನು ಕೇಳಲಿಲ್ಲ. ನನ್ನನ್ನು ನೋಡಿದ, ತೆಪ್ಪದಲ್ಲಿ ನೋಡಿದ ಹಾಗೆಯೇ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ.